ಎ, ಆ್ಯನ್, ದಿ: ಉತ್ತರ ಅಜ್ಜಿಕತೆಯಲ್ಲೇ ಉಂಟು

ಸಂಜೆ ಹೊತ್ತು ನಮ್ಮ ಮನೆ ಜಗಲಿಗೆ ನಾಲ್ಕೈದು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಟ್ಯೂಷನ್ ಅಂತ ದೊಡ್ಡ ಹೆಸರೇನೂ ಬೇಡ. ಎಲ್ಲರೂ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮೀಡಿಯಂ ಮಕ್ಕಳು. ಒಬ್ಬನ ಮನೆಮಾತು ತುಳು, ಒಬ್ಬಳದು ಹವ್ಯಕ, ಇನ್ನೊಬ್ಬನದು ಮಲಯಾಳ. ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿಗೆ ಮಲಯಾಳ. ಹೀಗೆ ಮೂರು ಮೂರು ಭಾಷೆಯಲ್ಲಿ ಸಲೀಸಾಗಿ ಜಗಳ ಆಡುವ ಮಕ್ಕಳು ‘ದಿ’ ಎಂಬ ಒಂದಕ್ಷರದ ಪದ ಕಂಡರೆ ಪೆನ್ನು ಕೆಳಗಿಡುತ್ತಾರೆ. ಕಾರಣ ಇಷ್ಟೇ: ಈ ಯಾವ ಭಾಷೆಯಲ್ಲೂ ಇಂಗ್ಲಿಷಿನಂಥ ಆರ್ಟಿಕಲ್, ಅಂದರೆ ನಾಮಪದದ ಮುಂದೆ ಬರುವ ಎ, ಆ್ಯನ್, ದಿ ಥರದ್ದು, ಇಲ್ಲ.

ಮೊನ್ನೆ ಒಬ್ಬ ಬರೆದ ವಾಕ್ಯ: ‘ದಿ ಮೈ ಫಾದರ್ ಈಸ್ ಫಾರ್ಮರ್.’ ಬೇಡದ ಕಡೆ ಒಂದು ‘ದಿ’ ಬಂದಿದೆ, ಬೇಕಾದ ಕಡೆ ‘ಎ’ ಇಲ್ಲ. ನಕ್ಕರೆ ಪ್ರಯೋಜನ ಇಲ್ಲ, ನಾನೂ ಕಾಲೇಜು ಮುಗಿಯುವವರೆಗೆ ಹಾಗೇ ಬರೆದವನು. ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಒಂದೇ ಸೂತ್ರ: ಎ, ಇ, ಐ, ಒ, ಯು ಮುಂದೆ ‘ಆ್ಯನ್’, ಉಳಿದದ್ದಕ್ಕೆ ‘ಎ’, ಸೂರ್ಯ ಚಂದ್ರರಿಗೆ ‘ದಿ’. ಸೂರ್ಯ ಚಂದ್ರರ ಬಗ್ಗೆ ಬರೆಯುವ ಸಂದರ್ಭ ನನ್ನ ಜೀವನದಲ್ಲಿ ಎಷ್ಟು ಸಲ ಬಂತು ಅಂತ ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು.

ಮೊದಲು ಪಾರ್ಟ್ಸ್ ಆಫ್ ಸ್ಪೀಚ್, ಅಂದರೆ ಪದಗಳ ಗುಂಪುಗಳ ವಿಷಯ ಬೇಗ ಮುಗಿಸಿಬಿಡೋಣ. ಶಾಲೆಯ ಗ್ರಾಮರ್ ಪುಸ್ತಕದಲ್ಲಿ ಎಂಟು ಗುಂಪು: ನೌನ್ (ನಾಮಪದ), ಪ್ರೊನೌನ್, ವರ್ಬ್, ಅಡ್ಜೆಕ್ಟಿವ್ (ಗುಣವಾಚಕ), ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಇದರಲ್ಲಿ ಆರ್ಟಿಕಲ್ ಎಲ್ಲಿ? ಇಲ್ಲ! ಇದರ ಹಿಂದೆ ಒಂದು ತಮಾಷೆಯ ಕತೆ ಉಂಟು. ಹಳೆಯ ಗ್ರೀಕ್ ವೈಯಾಕರಣರು ಎಂಟು ಗುಂಪು ಮಾಡಿದಾಗ ಆರ್ಟಿಕಲ್‌ಗೂ ಒಂದು ಜಾಗ ಇತ್ತು. ಲ್ಯಾಟಿನ್‌ನವರು ಅದನ್ನೇ ನಕಲು ಮಾಡಿದರು. ಆದರೆ ಲ್ಯಾಟಿನ್‌ನಲ್ಲಿ ಆರ್ಟಿಕಲ್ಲೇ ಇಲ್ಲ, ನಮ್ಮ ಕನ್ನಡದ ಹಾಗೆ. ಲೆಕ್ಕ ಎಂಟೇ ಇರಬೇಕಲ್ಲ, ಅದಕ್ಕೆ ಆರ್ಟಿಕಲ್ ತೆಗೆದು ಅಯ್ಯೋ, ಅಬ್ಬಾ ಥರದ ಉದ್ಗಾರಗಳನ್ನು ಒಂದು ಗುಂಪು ಮಾಡಿ ಸೇರಿಸಿದರು. ಇಂಗ್ಲಿಷಿನವರು ಲ್ಯಾಟಿನ್ ಅಚ್ಚಿನಲ್ಲೇ ತಮ್ಮ ವ್ಯಾಕರಣ ಎರಕ ಹೊಯ್ದರು. ಹಾಗಾಗಿ ಅವರ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ‘ದಿ’ಗೇ ಸ್ವಂತ ಮನೆ ಇಲ್ಲದೆ, ಅಡ್ಜೆಕ್ಟಿವ್ ಮನೆಯಲ್ಲಿ ಬಾಡಿಗೆಗೆ ಇರಬೇಕಾಯಿತು. ಡಿಟರ್ಮಿನರ್ ಎಂಬ ಬೇರೆ ಗುಂಪು ಮಾಡಿ ಆರ್ಟಿಕಲ್‌ಗಳನ್ನು ಅಲ್ಲಿ ಕೂರಿಸಿದ್ದು 20ನೇ ಶತಮಾನದಲ್ಲಿ. ಹಳೆಯ ಪುಸ್ತಕದಲ್ಲಿ ಒಂದು ಥರ, ಹೊಸದರಲ್ಲಿ ಇನ್ನೊಂದು ಥರ ಕಂಡರೆ ಗಾಬರಿ ಬೇಡ, ಎರಡೂ ಹೇಳುವುದು ಅದೇ ಪದಗಳ ಬಗ್ಗೆ.

ಇನ್ನು ಅಸಲು ವಿಷಯ.

ಅಜ್ಜಿ ಕತೆ ಹೇಗೆ ಶುರು ಮಾಡುತ್ತಾರೆ? ‘ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಹುಡುಗಿ...’ ಅಷ್ಟೇ, ಆರ್ಟಿಕಲ್ ಪಾಠ ಮುಗಿಯಿತು. ಮೊದಲ ಸಲ ರಾಜ ಬಂದಾಗ ‘ಒಬ್ಬ’, ಎರಡನೇ ಸಲ ‘ಆ’. ಅಜ್ಜಿ ಮೊದಲ ವಾಕ್ಯದಲ್ಲೇ ‘ಆ ರಾಜ ಇದ್ದ’ ಅಂದಿದ್ದರೆ ಮೊಮ್ಮಗು ‘ಯಾವ ರಾಜ?’ ಅಂತ ಕೇಳುತ್ತಿತ್ತು. ಇಂಗ್ಲಿಷಿನಲ್ಲೂ ಅದೇ. ‘ದೇರ್ ವಾಸ್ ಎ ಕಿಂಗ್. ದಿ ಕಿಂಗ್ ಹ್ಯಾಡ್ ಎ ಡಾಟರ್.’

ಹಾಗಾಗಿ ಪ್ರತಿ ನೌನ್ ಬರೆಯುವ ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಕೇಳುವವನಿಗೆ ಗೊತ್ತುಂಟಾ? ಗೊತ್ತುಂಟು ಅಂದರೆ ‘ದಿ’. ಗೊತ್ತಿಲ್ಲ ಅಂದರೆ ‘ಎ’. ನಿಮಗೆ ಗೊತ್ತಿದ್ದರೆ ಸಾಲದು, ಕೇಳುವವನಿಗೆ ಗೊತ್ತಿರಬೇಕು. ತಪ್ಪೆಲ್ಲ ಆಗುವುದು ಇಲ್ಲೇ. ನಿಮ್ಮ ಮನೆಯ ಹಿಂದಿನ ಬಾವಿ ನಿಮಗೆ ಚೆನ್ನಾಗಿ ಗೊತ್ತು. ಆದರೆ ದುಬೈಯಲ್ಲಿ ಕೂತು ನಿಮ್ಮ ಮೇಲ್ ಓದುವ ಮ್ಯಾನೇಜರಿಗೆ ಗೊತ್ತಿಲ್ಲ. ಅವನಿಗೆ ಮೊದಲ ಸಲ ‘ಎ ವೆಲ್’.

ಗೊತ್ತಾಗುವುದಕ್ಕೆ ಹಿಂದೆ ಹೇಳಿರಲೇಬೇಕು ಅಂತಿಲ್ಲ. ಅಡುಗೆಮನೆಯಿಂದ ಅಮ್ಮ ‘ಬಾಗಿಲು ಹಾಕು’ ಅಂದರೆ ಯಾವ ಬಾಗಿಲು ಅಂತ ಮಗ ಕೇಳುವುದಿಲ್ಲ. ‘ಶಟ್ ದಿ ಡೋರ್.’ ಬಸ್ಸಿನ ಮಾತು ಬಂದ ಮೇಲೆ ಅದರ ಡ್ರೈವರ್ ಇದ್ದೇ ಇರುತ್ತಾನೆ, ಅದಕ್ಕೆ ‘ವಿ ಗಾಟ್ ಇನ್‌ಟು ಎ ಬಸ್, ಬಟ್ ದಿ ಡ್ರೈವರ್ ವಾಸ್ ನಾಟ್ ದೇರ್.’ ಬಸ್ಸು ಹೊಸದು, ಡ್ರೈವರ್ ಮಾತ್ರ ಬಸ್ಸಿನ ಜತೆಗೇ ಪರಿಚಯವಾದವನು.

ಈ ಪ್ರಶ್ನೆ ಎಷ್ಟು ಸೂಕ್ಷ್ಮ ಅಂತ ನೋಡಿ. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ‘ಹಿ ವಾಸ್ ಎ ಪೊಯೆಟ್ ಫ್ರಮ್ ಮಂಜೇಶ್ವರ’ ಅಂದರೆ ಅಲ್ಲಿಯ ಕವಿಗಳಲ್ಲಿ ಒಬ್ಬರು. ‘ದಿ ಪೊಯೆಟ್ ಫ್ರಮ್ ಮಂಜೇಶ್ವರ’ ಅಂದರೆ ಮಂಜೇಶ್ವರದ ಕವಿ ಅಂದಕೂಡಲೇ ನೆನಪಾಗುವವರು ಅವರೇ. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು, ಕನ್ನಡದಲ್ಲಿ ಮೊದಲನೆಯವರು. ‘ಮೊದಲನೆಯ’ ಅಂದ ಮೇಲೆ ಒಬ್ಬರೇ ಅಲ್ವಾ, ಆದ್ದರಿಂದ ‘ದಿ ಫಸ್ಟ್’. ದಿ ಬೆಸ್ಟ್, ದಿ ಟಾಲೆಸ್ಟ್, ದಿ ಓನ್ಲಿ, ದಿ ಸೇಮ್, ಎಲ್ಲದಕ್ಕೂ ಕಾರಣ ಇದೇ. ಬೇರೆ ಬೇರೆ ಸೂತ್ರ ಉರು ಹೊಡೆಯುವುದು ಬೇಡ.

ಕನ್ನಡದಲ್ಲಿ ‘ದಿ’ ಅಡಗಿ ಕೂತಿರುವ ಇನ್ನೊಂದು ಜಾಗ ಉಂಟು, ಯಾರೂ ಹೇಳಿಕೊಡುವುದಿಲ್ಲ. ಅದು ‘ಅನ್ನು’ ಪ್ರತ್ಯಯ. ‘ಪೇಟೆಯಿಂದ ಕೊಡೆ ತಂದೆ’ ಅಂದರೆ ಯಾವುದೋ ಒಂದು ಕೊಡೆ ಕೊಂಡು ತಂದೆ. ‘ಪೇಟೆಯಿಂದ ಕೊಡೆಯನ್ನು ತಂದೆ’ ಅಂದರೆ ಕಳೆದ ವಾರ ಅಂಗಡಿಯಲ್ಲಿ ಬಿಟ್ಟು ಬಂದು ಬೈಸಿಕೊಂಡೆನಲ್ಲ, ಅದೇ ಕೊಡೆ. ಮೊದಲನೆಯದು ‘ಆ್ಯನ್ ಅಂಬ್ರೆಲ್ಲ’, ಎರಡನೆಯದು ‘ದಿ ಅಂಬ್ರೆಲ್ಲ’. ಮಾತಿನಲ್ಲಿ ಈ ವ್ಯತ್ಯಾಸ ನಾವು ಯೋಚನೆ ಮಾಡದೆ ಮಾಡುತ್ತೇವೆ. ಆದರೆ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಪತ್ರಿಕೆಯ ಕನ್ನಡದಲ್ಲಿ ಎಲ್ಲಿ ಬೇಕೋ ಅಲ್ಲಿ ‘ಅನ್ನು’ ಹಾಕುತ್ತಾರೆ, ಮನುಷ್ಯರ ಮಾತು ಬಂದಾಗ ಹೇಗೂ ಹಾಕಲೇಬೇಕು. ವಸ್ತುಗಳ ವಿಷಯದಲ್ಲಿ, ಬಾಯಿಮಾತಿನಲ್ಲಿ ಮಾತ್ರ ಈ ಸುಳಿವು ಕೆಲಸ ಮಾಡುತ್ತದೆ. ಬರೆದ ವಾಕ್ಯವನ್ನು ಒಮ್ಮೆ ಮನೆಮಾತಿನಲ್ಲಿ ಹೇಳಿ ನೋಡಿ.

ಇನ್ನು ‘ಒಂದು’, ‘ಒಬ್ಬ’ ನಮ್ಮನ್ನು ಕೈಬಿಡುವ ಜಾಗವೂ ಉಂಟು. ‘ನನ್ನ ಅಪ್ಪ ಕೃಷಿಕ’ ಅನ್ನುತ್ತೇವೆ, ‘ಒಬ್ಬ ಕೃಷಿಕ’ ಅನ್ನುವುದಿಲ್ಲ, ಅಂದರೂ ಭಾಷಣದ ಥರ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ಎ ಫಾರ್ಮರ್’ ಆಗಲೇಬೇಕು. ‘ಶಿ ಈಸ್ ಎ ನರ್ಸ್’, ‘ಐ ಆ್ಯಮ್ ಎ ಸ್ಟೂಡೆಂಟ್’. ಎಣಿಸಲು ಬರುವ ವಸ್ತು ಅಥವಾ ವ್ಯಕ್ತಿ ಒಂದೇ ಇದ್ದರೆ ಇಂಗ್ಲಿಷ್ ಅದನ್ನು ಬರಿತಲೆಯಲ್ಲಿ ಹೊರಗೆ ಬಿಡುವುದಿಲ್ಲ. ತಲೆ ಮೇಲೆ ಏನಾದರೂ ಇರಲೇಬೇಕು, ಎ, ದಿ, ಮೈ, ದಿಸ್, ಯಾವುದಾದರೂ ಸರಿ. ಇದೊಂದು ನೆನಪಿಟ್ಟರೆ ಪರೀಕ್ಷೆಯ ಅರ್ಧ ತಪ್ಪು ಹೋಗುತ್ತದೆ.

ಎಣಿಸಲು ಬಾರದ್ದಕ್ಕೆ, ಅಂದರೆ ರೈಸ್, ವಾಟರ್, ಮಿಲ್ಕ್ ಇಂಥದ್ದಕ್ಕೆ ‘ಎ’ ಬೇಡ. ಇದು ಸುಲಭ, ಅಕ್ಕಿಯನ್ನು ನಾವೂ ಒಂದು ಎರಡು ಅಂತ ಎಣಿಸುವುದಿಲ್ಲ. ಎಡವುವುದು ಬೇರೆ ಕಡೆ. ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ಹೋಮ್‌ವರ್ಕ್, ನ್ಯೂಸ್, ಇವನ್ನೆಲ್ಲ ನಾವು ‘ಒಂದು ಸಲಹೆ’, ‘ಎರಡು ಸುದ್ದಿ’ ಅಂತ ಧಾರಾಳವಾಗಿ ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ಇವೂ ಅಕ್ಕಿಯ ಸಾಲಿನಲ್ಲೇ. ‘ಆ್ಯನ್ ಅಡ್ವೈಸ್’ ತಪ್ಪು, ‘ಎ ಪೀಸ್ ಆಫ್ ಅಡ್ವೈಸ್’ ಅಥವಾ ‘ಸಮ್ ಅಡ್ವೈಸ್’ ಅನ್ನಬೇಕು. ‘ಲಗೇಜಸ್’, ‘ಫರ್ನಿಚರ್ಸ್’ ಅಂತ ನಮ್ಮೂರ ಬೋರ್ಡುಗಳಲ್ಲಿ ಕಾಣುತ್ತದೆ. ಬೋರ್ಡಿಗೆ ಮಾರ್ಕು ಕೊಡುವವರಿಲ್ಲ, ನಿಮಗೆ ಉಂಟು.

ಎ ಮತ್ತು ಆ್ಯನ್‌ಗೆ ನಮ್ಮ ಲಿಪಿಯೇ ಗೈಡು

ಇದು ನನಗೆ ಬಹಳ ಇಷ್ಟದ ಭಾಗ. ಆ ಎ, ಇ, ಐ, ಒ, ಯು ಸೂತ್ರ ಮರೆತುಬಿಡಿ. ಇಂಗ್ಲಿಷ್ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾಗಿದ್ದರೆ, ಅಂದರೆ ಅ ಇಂದ ಔ ತನಕದ್ದಾದರೆ, ‘ಆ್ಯನ್’. ವ್ಯಂಜನವಾಗಿದ್ದರೆ ‘ಎ’. ಯಾಕೆಂದರೆ ಇಂಗ್ಲಿಷಿನವರು ನೋಡುವುದು ಸ್ಪೆಲ್ಲಿಂಗ್ ಅಲ್ಲ, ಉಚ್ಚಾರ. ನಮ್ಮ ಲಿಪಿ ಬರೆಯುವುದೂ ಉಚ್ಚಾರವನ್ನೇ.

ಯೂನಿಫಾರ್ಮ್: ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಯು, ಸೂತ್ರದ ಪ್ರಕಾರ ‘ಆ್ಯನ್’ ಬರಬೇಕು. ಕನ್ನಡದಲ್ಲಿ ಬರೆದರೆ ಮೊದಲು ‘ಯ’ಕಾರ, ವ್ಯಂಜನ. ಹಾಗಾಗಿ ‘ಎ ಯೂನಿಫಾರ್ಮ್’. ಅಂಬ್ರೆಲ್ಲಕ್ಕೂ ಸ್ಪೆಲ್ಲಿಂಗಿನಲ್ಲಿ ಅದೇ ಯು, ಆದರೆ ಕನ್ನಡದಲ್ಲಿ ‘ಅ’, ಆದ್ದರಿಂದ ‘ಆ್ಯನ್’. ಗಂಟೆ ಅನ್ನುವ ಅರ್ಥದ ಪದ ಎಚ್‌ನಿಂದ ಶುರುವಾದರೂ ನಾವು ಬರೆಯುವುದು ‘ಅವರ್’, ‘ಆ್ಯನ್ ಅವರ್’. ಸಂಕ್ಷಿಪ್ತ ಪದಗಳಿಗೂ ಇದೇ ಮಂತ್ರ. ಎಸ್ಸೆಸ್ಸೆಲ್ಸಿ ‘ಎ’ ಸ್ವರದಿಂದ ಶುರು, ‘ಆ್ಯನ್ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್’. ಕೆಎಸ್ಆರ್‌ಟಿಸಿಯಲ್ಲಿ ‘ಕ’ಕಾರ, ‘ಎ ಕೆಎಸ್ಆರ್‌ಟಿಸಿ ಬಸ್’. ಬಿಎ ಡಿಗ್ರಿಗೆ ‘ಎ’, ಎಂಎ ಡಿಗ್ರಿಗೆ ‘ಆ್ಯನ್’. ಬಯೊಡೇಟಾ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಒಂದೇ ಒಂದು ಎಚ್ಚರ. ನಮ್ಮ ಬಾಯಿ ‘ಎ’ಯನ್ನು ‘ಯೆ’ ಮಾಡುತ್ತದೆ, ‘ಒ’ವನ್ನು ‘ವೊ’ ಮಾಡುತ್ತದೆ. ಮೊಟ್ಟೆಗೆ ‘ಯೆಗ್’ ಅಂತ ಹೇಳಿ ‘ಎ ಯೆಗ್’ ಅಂದರೆ ಲೆಕ್ಕ ತಪ್ಪಿತು. ಅದು ‘ಎಗ್’, ‘ಆ್ಯನ್ ಎಗ್’. ಇದರ ಉಲ್ಟಾ ‘ಒನ್’ ಎಂಬ ಪದದಲ್ಲಿ. ನಾವು ಬರೆಯುವುದು ‘ಒನ್’, ಅವರು ಹೇಳುವುದು ‘ವನ್’. ಹಾಗಾಗಿ ‘ಎ ವನ್ ರುಪೀ ಕಾಯಿನ್’. ಲಿಪಿ ಸರಿಯಾಗೇ ಉಂಟು, ಬರೆಯುವಾಗ ಇಂಗ್ಲಿಷಿನವರ ಬಾಯಿ ನೆನಪಿರಬೇಕು, ನಮ್ಮದಲ್ಲ.

ಅಂದಹಾಗೆ ಶಾಲೆಯಲ್ಲಿ ‘ಎ’ ಮೊದಲು ಕಲಿಸಿ, ‘ಆ್ಯನ್’ ಅಪವಾದ ಅನ್ನುತ್ತಾರೆ. ಚರಿತ್ರೆ ಉಲ್ಟಾ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಅಂದರೆ ಒಂದು ಅಂತಲೇ ಅರ್ಥ, ಆ್ಯನ್ ಹುಟ್ಟಿದ್ದು ಅದರಿಂದ. ವ್ಯಂಜನದ ಮುಂದೆ ‘ನ’ಕಾರ ಸವೆದು ‘ಎ’ ಉಳಿಯಿತು. ಈ ‘ನ’ಕಾರ ಯಾರದ್ದು ಅಂತ ಇಂಗ್ಲಿಷಿನವರಿಗೇ ಗೊಂದಲ ಆದದ್ದುಂಟು. ಅಡುಗೆಗೆ ಕಟ್ಟಿಕೊಳ್ಳುವ ಏಪ್ರನ್ ಮೊದಲು ‘ನ್ಯಾಪ್ರನ್’ ಆಗಿತ್ತು. ‘ಎ ನ್ಯಾಪ್ರನ್’ ಅಂತ ಹೇಳಿ ಹೇಳಿ ‘ಆ್ಯನ್ ಏಪ್ರನ್’ ಆಯಿತು. ಆರೆಂಜ್‌ದೂ ಸುಮಾರು ಇದೇ ಕತೆ. ಅದರ ಬೇರು ನಮ್ಮ ನಾರಂಗ. ಮಲಯಾಳದಲ್ಲಿ ಈಗಲೂ ನಾರಂಙ ಅನ್ನುತ್ತಾರಲ್ಲ, ಅದೇ. ಆದರೆ ಅದರ ತಲೆಯ ‘ನ’ಕಾರ ಇಂಗ್ಲಿಷಿಗೆ ಬರುವ ಮೊದಲೇ ಯುರೋಪಿನ ಬೇರೆ ಭಾಷೆಗಳಲ್ಲಿ ಉದುರಿಹೋಯಿತು.

‘ದಿ’ ಬರೆಯುವುದು ಒಂದೇ ಥರ, ಹೇಳುವುದು ಎರಡು ಥರ. ಸ್ವರದ ಮುಂದೆ ‘ದಿ’, ವ್ಯಂಜನದ ಮುಂದೆ ಬಹುತೇಕ ‘ದ’. ದಿ ಎಗ್, ದ ಬಸ್. ಕೇಳುವುದಕ್ಕೆ ಚೆಂದ, ತಪ್ಪಿದರೂ ಯಾರೂ ಜೈಲಿಗೆ ಹಾಕುವುದಿಲ್ಲ.

ಒಂದೇ ಮಣೆ

ಈಗ ‘ದಿ ಮೈ ಫಾದರ್’ ವಿಷಯ. ಡಿಟರ್ಮಿನರ್ ಅಂದರೆ ನೌನ್ ಮುಂದೆ ಕೂತು ಯಾವುದು, ಯಾರದು, ಎಷ್ಟು ಅಂತ ಗುರುತು ಹೇಳುವ ಪದ. ಎ, ದಿ ಮಾತ್ರ ಅಲ್ಲ, ದಿಸ್, ದ್ಯಾಟ್, ಮೈ, ಯುವರ್, ಹಿಸ್, ಸಮ್, ಎನಿ, ಈಚ್, ಎವ್ರಿ, ವಿಚ್ ಎಲ್ಲ ಇದೇ ಕುಟುಂಬ. ನೌನ್ ಮುಂದೆ ಇವರಿಗೆ ಹಾಕಿರುವುದು ಒಂದೇ ಮಣೆ. ‘ಮೈ’ ಕೂತ ಮೇಲೆ ‘ದಿ’ಗೆ ಜಾಗ ಇಲ್ಲ. ಕನ್ನಡದಲ್ಲಿ ನಾವು ‘ಈ ನನ್ನ ಮನೆ’, ‘ನಿನ್ನ ಆ ಪುಸ್ತಕ’ ಅಂತ ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತೇವೆ, ಅದಕ್ಕೇ ‘ದಿಸ್ ಮೈ ಹೌಸ್’ ಅಂತ ಬರೆದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಒಬ್ಬರು ಎದ್ದು ಹಿಂದೆ ಹೋಗಬೇಕು: ‘ದಿಸ್ ಹೌಸ್ ಆಫ್ ಮೈನ್’. ‘ಎ ಮೈ ಫ್ರೆಂಡ್’ ಅಲ್ಲ, ‘ಎ ಫ್ರೆಂಡ್ ಆಫ್ ಮೈನ್’.

ಮಣೆಯ ಆಚೆ ಈಚೆ ನಿಲ್ಲುವವರು ಕೆಲವರಿದ್ದಾರೆ. ಆಲ್, ಬೋತ್, ಹಾಫ್ ಮುಂದೆ ನಿಲ್ಲುತ್ತವೆ, ಸಂಖ್ಯೆಗಳು ಹಿಂದೆ. ‘ಆಲ್ ದಿ ಬಾಯ್ಸ್’, ‘ದಿ ತ್ರೀ ಬಾಯ್ಸ್’ ಅಂತ ಹೇಳಲು ಅಡ್ಡಿ ಇಲ್ಲದ್ದು ಅದಕ್ಕೇ. ಅಡ್ಜೆಕ್ಟಿವ್‌ಗಳಿಗೆ ಈ ಕಟ್ಟುಪಾಡೇ ಇಲ್ಲ. ‘ಎ ಬಿಗ್ ಓಲ್ಡ್ ಟೈಲ್ಡ್ ಹೌಸ್’ ಅಂತ ಎಷ್ಟು ಬೇಕಾದರೂ ಪೇರಿಸಿ. ಡಿಟರ್ಮಿನರ್‌ಗೂ ಅಡ್ಜೆಕ್ಟಿವ್‌ಗೂ ಏನು ವ್ಯತ್ಯಾಸ ಅಂತ ಕೇಳಿದರೆ ನಾನು ಹೇಳುವುದು ಇದನ್ನೇ. ಇನ್ನೊಂದು ಮಾತು, ‘ಎ’ ನೋಡುವುದು ತನ್ನ ಪಕ್ಕದ ಪದದ ಉಚ್ಚಾರವನ್ನು, ನೌನ್‌ನದ್ದನ್ನಲ್ಲ. ‘ಎ ಹೌಸ್’, ಆದರೆ ‘ಆ್ಯನ್ ಓಲ್ಡ್ ಹೌಸ್’.

ಎ ಫ್ಯೂ ಮತ್ತು ಫ್ಯೂ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಒಂದು ‘ಎ’ ಇಡೀ ಅರ್ಥವನ್ನೇ ತಿರುಗಿಸುತ್ತದೆ. ‘ಐ ಹ್ಯಾವ್ ಎ ಫ್ಯೂ ಫ್ರೆಂಡ್ಸ್ ಇನ್ ಉಪ್ಪಳ’ ಅಂದರೆ ಉಪ್ಪಳದಲ್ಲಿ ನನಗೆ ಕೆಲವು ಗೆಳೆಯರಿದ್ದಾರೆ, ಹೋದರೆ ಊಟ ಖಂಡಿತ. ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಅಂದರೆ ಇರುವುದೇ ಅಪರೂಪ, ಹೋಟೆಲು ಹುಡುಕಬೇಕು. ಕನ್ನಡದಲ್ಲಿ ‘ಸ್ವಲ್ಪ ಉಂಟು’ ಮತ್ತು ‘ಸ್ವಲ್ಪವೇ ಇರುವುದು’ ಅನ್ನುವಾಗ ಬರುವ ವ್ಯತ್ಯಾಸವೇ ಇದು. ಎಣಿಸಲು ಬಾರದ್ದಕ್ಕೆ ‘ಎ ಲಿಟ್ಲ್’ ಮತ್ತು ‘ಲಿಟ್ಲ್’. ಏಪ್ರಿಲ್ ತಿಂಗಳ ಬಾವಿಯಲ್ಲಿ ‘ಎ ಲಿಟ್ಲ್ ವಾಟರ್’ ಇದ್ದರೆ ತೋಟಕ್ಕೆ ಇಂದು ಬಿಡಬಹುದು, ‘ಲಿಟ್ಲ್ ವಾಟರ್’ ಇದ್ದರೆ ಪಂಪು ಹಾಕಬೇಡಿ.

ಊರು, ಹೊಳೆ, ಗಲ್ಫ್

ಊರಿನ ಹೆಸರಿಗೆ, ರಾಜ್ಯಕ್ಕೆ, ಹೆಚ್ಚಿನ ದೇಶಗಳಿಗೆ ‘ದಿ’ ಇಲ್ಲ. ಕುಂಬಳೆ, ಕೇರಳ, ಇಂಡಿಯಾ. ಹೊಳೆಗೆ, ಕಡಲಿಗೆ, ಬೆಟ್ಟದ ಸಾಲಿಗೆ ಉಂಟು. ದಿ ಚಂದ್ರಗಿರಿ, ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್. ಕೆರೆಗೆ ಇಲ್ಲ, ಅನಂತಪುರ ಲೇಕ್. ಯಾಕೆ ಹೀಗೆ ಅಂತ ಮಕ್ಕಳು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಇದು ಉರು ಹೊಡೆಯಬೇಕಾದ ಕೆಲವೇ ಜಾಗಗಳಲ್ಲಿ ಒಂದು. ನಮ್ಮ ಜಿಲ್ಲೆಯವರಿಗೆ ನಿಜವಾಗಿ ಬೇಕಾದದ್ದು ಗಲ್ಫ್. ‘ಮೈ ಬ್ರದರ್ ವರ್ಕ್ಸ್ ಇನ್ ದಿ ಗಲ್ಫ್’, ಇಲ್ಲಿ ‘ದಿ’ ಬೇಕೇ ಬೇಕು, ಗಲ್ಫ್ ಅಂದರೆ ಕೊಲ್ಲಿ, ಅದು ಮೂಲತಃ ಸಾಮಾನ್ಯ ಪದ. ದುಬೈ, ಕತಾರ್, ಒಮಾನ್, ಸೌದಿ ಅರೇಬಿಯಾಗಳಿಗೆ ಬೇಡ. ‘ದಿ ಯುಎಇ’ಗೆ ಬೇಕು, ಅದರೊಳಗೆ ಎಮಿರೇಟ್ಸ್ ಎಂಬ ಸಾಮಾನ್ಯ ಪದ ಕೂತಿದೆ. ದಿ ಯುಎಸ್‌ಎ, ದಿ ಯುಕೆ ಕೂಡ ಹಾಗೇ.

ಜಿಲ್ಲೆಯ ವಿಷಯಕ್ಕೇ ಬಂದರೆ, ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಜಿಲ್ಲೆಯಾದದ್ದು 1984ರ ಮೇ 24ರಂದು. ಇದನ್ನು ಬರೆಯುವಾಗ ‘ಕಾಸರಗೋಡ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1984’. ಜಿಲ್ಲೆಗಳು ಹಲವು, ಇದೂ ಒಂದಾಯಿತು. ಮುಂದಿನ ವಾಕ್ಯದಲ್ಲಿ ‘ದಿ ಡಿಸ್ಟ್ರಿಕ್ಟ್’, ಈಗ ಗೊತ್ತಾಯಿತಲ್ಲ. ಅಜ್ಜಿಯ ರಾಜನ ಹಾಗೇ.

ಏನೂ ಹಾಕದಿರುವುದೂ ಒಂದು ಉತ್ತರ. ಬರಿತಲೆಯಲ್ಲಿ ಬಿಡುವುದಿಲ್ಲ ಅಂದೆನಲ್ಲ, ಕೆಲವು ನುಡಿಗಟ್ಟು ಅದಕ್ಕೆ ಅಪವಾದ: ಬೈ ಬಸ್, ಬೈ ಟ್ರೈನ್, ಆ್ಯಟ್ ಹೋಮ್. ‘ಗೋ ಟು ಸ್ಕೂಲ್’ ಅಂದರೆ ಓದಲು ಹೋಗುವುದು. ಪಿಟಿಎ ಮೀಟಿಂಗಿಗೆ ಅಪ್ಪ ಹೋದರೆ ‘ಟು ದಿ ಸ್ಕೂಲ್’. ಇಡೀ ಜಾತಿಯ ಬಗ್ಗೆ ಹೇಳುವಾಗಲೂ ಬೇಡ: ‘ಮಂಕೀಸ್ ಈಟ್ ಕೊಕೊನಟ್ಸ್.’ ನಮ್ಮ ತೋಟಕ್ಕೆ ನಿನ್ನೆ ಬಂದ ಮಂಗಗಳಾದರೆ ‘ದಿ ಮಂಕೀಸ್’, ಅವುಗಳ ಬಗ್ಗೆ ಬೇರೆ ಪದಗಳೂ ಬರುತ್ತವೆ, ಇಲ್ಲಿ ಬೇಡ.

ಅಭ್ಯಾಸಕ್ಕೆ ನಾನು ಮಾಡಿಸುವುದು ಇಷ್ಟು. ಇಂಗ್ಲಿಷ್ ಪತ್ರಿಕೆಯಿಂದ ನಾಲ್ಕು ಸಾಲು ತೆಗೆದುಕೊಂಡು, ಎ, ಆ್ಯನ್, ದಿ ಎಲ್ಲ ಬಿಟ್ಟು ನೋಟ್‌ಬುಕ್ಕಿಗೆ ಇಳಿಸಿ. ಮರುದಿನ ಪತ್ರಿಕೆ ನೋಡದೆ ತುಂಬಿಸಿ, ಆಮೇಲೆ ತಾಳೆ ನೋಡಿ. ತಪ್ಪಿದ ಕಡೆ ‘ಕೇಳುವವನಿಗೆ ಗೊತ್ತುಂಟಾ’ ಅಂತ ಕೇಳಿ. ದಿನಕ್ಕೆ ನಾಲ್ಕೇ ಸಾಲು, ಜಾಸ್ತಿ ಬೇಡ, ಜಾಸ್ತಿ ಮಾಡಿದರೆ ಮೂರನೇ ದಿನ ಬಿಡುತ್ತೀರಿ.

ಶುರು ಮಾಡಲು ಇದು ಇರಲಿ, ಖಾಲಿ ಜಾಗ ತುಂಬಿಸಿ: ‘___ ಮ್ಯಾನ್ ಕೇಮ್ ಟು ಅವರ್ ಹೌಸ್. ___ ಮ್ಯಾನ್ ಹ್ಯಾಡ್ ___ ಓಲ್ಡ್ ಅಂಬ್ರೆಲ್ಲ. ಹಿ ಡ್ರ್ಯಾಂಕ್ ___ ವಾಟರ್ ಆ್ಯಂಡ್ ಸ್ಯಾಟ್ ಆನ್ ___ ಚೇರ್.’

ಉತ್ತರ: ಎ, ದಿ, ಆ್ಯನ್, ಸಮ್. ನಾಲ್ಕನೆಯದನ್ನು ಖಾಲಿ ಬಿಟ್ಟರೂ ತಪ್ಪಲ್ಲ. ಕೊನೆಯದಕ್ಕೆ ಮೊನ್ನೆ ಜಗಲಿಯಲ್ಲಿ ಜಗಳವೇ ಆಯಿತು. ಒಬ್ಬಳು ‘ಎ ಚೇರ್’ ಅಂದಳು, ಅವಳ ಮನೆಯಲ್ಲಿ ಆರು ಕುರ್ಚಿ. ಇನ್ನೊಬ್ಬ ‘ದಿ ಚೇರ್’ ಅಂದ. ಅವನ ಮನೆಯಲ್ಲಿರುವುದು ಒಂದೇ ಕುರ್ಚಿ, ಅದು ಅಜ್ಜನದು. ಇಬ್ಬರಿಗೂ ಪೂರ್ತಿ ಮಾರ್ಕು ಕೊಟ್ಟೆ.